ಎಡಗಡೆಯ ಚಕ್ರ

ನಮ್ಮ ಜೀಪಿನ ಎಡಗಡೆಯ ಸೀಟಿನಲ್ಲಿ ಒಬ್ಬಳು ಕೂತೇ ಇದ್ದಾಳೆ ಎಂದು ಅಜ್ಜಿ ಹೇಳುವಾಗ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತ ಹೇಳುತ್ತಿದ್ದ ಕಥೆ ಅದು. ಕಥೆಯ ಜೊತೆಗೆ ಮುದ್ದೆಯೂ ನುಣ್ಣಗೆ ಇಳಿದುಹೋಗುತ್ತಿತ್ತು.

ಕೂತವಳು ಶ್ಯಾಮಲಮ್ಮ, ತಾತನ ಮೊದಲ ಹೆಂಡತಿ. ಆಂಧ್ರದ ಕಡೆಯವಳು. ಈ ಜೀಪಿನ ಎಡಗಡೆಯಿಂದ ಬಿದ್ದು ತೀರಿಕೊಂಡಳೆಂದು ತಾತ ಹೇಳುತ್ತಿದ್ದರಂತೆ. ಆಮೇಲೆ ತಾತ ನಮ್ಮಜ್ಜಿ ರಾಮಲಕ್ಷ್ಮಮ್ಮನನ್ನು ರಾಯಲ್ಪಾಡಿನ ಈ ಮನೆಗೆ ತಂದದ್ದು. ಅಜ್ಜಿ ಅವಳ ಮುಖವನ್ನೇ ಕಂಡವಳಲ್ಲ. ಆದರೂ ಬಾಯಿತುಂಬ 'ಅಕ್ಕ' ಎನ್ನುತ್ತಿದ್ದಳು.

"ಹೆಂಡ್ತಿ ಜಾಗ ಎಡಗಡೆ ಅಲ್ವೇನೇ ಚಂದು? ಅಕ್ಕ ಅದನ್ನ ಬಿಟ್ಟುಕೊಟ್ಟಿಲ್ಲ."

ತಾತ ಮುನಿಯಲ್ಲಪ್ಪ ಆ ಜೀಪಿನಲ್ಲೇ ಸತ್ತದ್ದು. ಊರಾಚೆಯ ಇಳಿಜಾರಿನಲ್ಲಿ ಮುಂದಿನ ಎಡ ಚಕ್ರ ಕಳಚಿಕೊಂಡು, ಜೀಪಿಗಿಂತ ಮುಂದೆ ತಾನೇ ಉರುಳಿಕೊಂಡು ಹೋಯಿತಂತೆ. ಜೀಪು ಹಳ್ಳಕ್ಕೆ ಬಿತ್ತು. ರಿಪೇರಿಯಾದ ಮೇಲೆ ಚಿಕ್ಕಪ್ಪ ಓಡಿಸಿದರು. ಅದೇ ಇಳಿಜಾರು, ಅದೇ ಎಡ ಚಕ್ರ. ಚಿಕ್ಕಪ್ಪನ ಕಾಲು ಇವತ್ತಿಗೂ ಮಡಚುವುದಿಲ್ಲ. ಆಮೇಲೆ ಜೀಪು ಟೊಮೇಟೊ ಕ್ರೇಟುಗಳ ಹಿಂದೆ ಶೆಡ್ಡು ಸೇರಿತು. ಇದೆಲ್ಲ ನಾನು ಹುಟ್ಟುವ ಮೊದಲು.

ಈ ವರ್ಷ ಅದನ್ನು ಹೊರಗೆಳೆದವನು ನಮ್ಮಣ್ಣ ಮೂರ್ತಿ. ಇಂಜಿನ್ ಬಿಚ್ಚಿ ಜೋಡಿಸಿದ, ಬ್ರೇಕು ಹೊಸದು ಹಾಕಿಸಿದ, ಹಸಿರು ಬಣ್ಣ ಹೊಡೆದ. ಐದು ತಿಂಗಳ ಬಸುರಿ ಅರ್ಪಿತ ಅತ್ತಿಗೆಯನ್ನು ಮುಳಬಾಗಿಲಿನ ತವರಿಗೆ ಅದರಲ್ಲೇ ಕರೆದುಕೊಂಡು ಹೋಗಬೇಕೆಂದು ಅವನಾಸೆ. ಅತ್ತಿಗೆಗೂ ಅದೇ ಹಟ. ಬಸ್ಸಿನಲ್ಲಿ ವಾಂತಿ ಬರುತ್ತದೆ, ಜೀಪಿನಲ್ಲಿ ಗಾಳಿ ಬರುತ್ತದೆ ಎನ್ನುವುದು ಅವಳ ವಾದ. ಅವಳು ಕೂರಬೇಕಾದದ್ದು ಎಡಗಡೆಯ ಸೀಟಿನಲ್ಲಿ. ಅದೊಂದೇ ಯೋಚನೆ ನನ್ನನ್ನು ತಿನ್ನುತ್ತಿತ್ತು.

ಚಕ್ರಗಳು ಮಾತ್ರ ತುಕ್ಕು ತಿಂದಿದ್ದವು. ಅಳತೆಗೆಂದು ಹಳೆಯ ಎರಡನ್ನು ಟೆಂಪೋಗೆ ಹಾಕಿಕೊಂಡು ಕೋಲಾರದಲ್ಲಿ ಮುಖ್ತಿಯಾರ್ ಭಾಯ್ ಅಂಗಡಿಗೆ ಹೋದೆವು. ಅಂಗಡಿಯ ತುಂಬ ರಿಮ್ಮುಗಳ ಗೋಪುರ. ನಡುವಿನ ತೂತುಗಳೆಲ್ಲ ಒಂದರ ಮೇಲೊಂದು ಕೂಡಿ ಬಾವಿಗಳಾಗಿದ್ದವು. ಒಂದರೊಳಗೆ ಬಗ್ಗಿ 'ಊ' ಎಂದೆ. ದನಿ ವಾಪಸು ಬರಲಿಲ್ಲ.

ಅಣ್ಣನ ಕಣ್ಣು ಗೋಡೆಗೆ ತೂಗುಹಾಕಿದ್ದ ಅಗಲದ, ಮಿರಮಿರ ಮಿಂಚುವ ರಿಮ್ಮಿನ ಮೇಲೆ.

"ಇದು ಹಾಕಿದ್ರೆ ಹೆಂಗಿರುತ್ತೆ ಭಾಯ್?"

"ಮದುವೆ ಗಂಡಿನ ಥರ ಇರುತ್ತೆ ಮೂರ್ತಣ್ಣ. ಸ್ಟೇರಿಂಗ್ ಫುಲ್ ಕಟ್ ಹೊಡೆದಾಗ ಟೈರು ಹೋಗಿ ಕಮಾನು ಪಟ್ಟಿಗೆ ಮುತ್ತಿಡುತ್ತೆ, ಅಷ್ಟೇ. ಫೋಟೋ ತೆಗಿಸ್ಕೊಳಕ್ಕೋ, ಓಡ್ಸಕ್ಕೋ ಅದು ಹೇಳಿ ಮೊದ್ಲು."

"ಓಡ್ಸಕ್ಕೇ. ಹೆಂಡ್ತೀನ ಕೂರಿಸ್ಕೊಂಡು."

"ಹಂಗಾದ್ರೆ ಬಾಯ್ಮುಚ್ಕೊಂಡು ಹಳೇ ಅಳತೇದೇ ತಗೊಳ್ಳಿ. ಹದಿನಾರಿಂಚು, ಕಿರಿದು, ಐದು ತೂತು. ಹಿಂದಿನೋರು ಏನು ತಲೆ ಇಲ್ದೆ ಮಾಡಿದ್ರಾ?"

ಭಾಯ್ ಒಂದೊಂದೇ ಉಕ್ಕಿನ ಚಕ್ರ ಇಳಿಸಿ ನೆಲದ ಮೇಲೆ ನಿಲ್ಲಿಸಿ, ನಟ್ಟು ಬಿಗಿಯುವ ಪಾನಾದಿಂದ ತಟ್ಟಿದರು. ಬಿರುಕಿಲ್ಲದ್ದು ಗಂಟೆಯಂತೆ ದೂರದವರೆಗೆ ನುಡಿಯಿತು. ಬಿರುಕಿದ್ದದ್ದು ಗೊಗ್ಗರು ದನಿಯಲ್ಲಿ ಒಂದೇ ಮಾತಿಗೆ ಸುಮ್ಮನಾಯಿತು. ಚೆನ್ನಾಗಿ ನುಡಿದವನ್ನೇ ಆರಿಸಿ ಪಕ್ಕಕ್ಕಿಟ್ಟೆವು. ಆಮೇಲೆ ಅವರು ನಾವು ತಂದ ಹಳೆಯ ಚಕ್ರಗಳನ್ನು ತಿರುಗಿಸಿ ನೋಡಿದರು. ಒಂದರ ತೂತುಗಳು ಗುಂಡಗಿದ್ದವು. ಇನ್ನೊಂದರವು ಮೊಟ್ಟೆಯಂತೆ ಉದ್ದುದ್ದ ಸವೆದಿದ್ದವು.

"ಇದು ಯಾವ ಕಡೇದು?"

"ಎಡಗಡೇದು," ಎಂದೆ ನಾನು.

"ನಟ್ಟು ಸಡಿಲಾಗಿ ಓಡಿದೆ ಪಾಪ. ತೂತೆಲ್ಲ ತಿಂದುಹೋಗಿದೆ." ಅವರು ಕೈ ಒರೆಸಿಕೊಂಡರು. "ಮೂರ್ತಣ್ಣ, ನಿಮ್ದು ಹಳೇ ಜೀಪು. ಎಡಗಡೆ ಉಲ್ಟಾ ತ್ರೆಡ್ಡು. ಬಲಗಡೆ ನಟ್ಟು ಬಲಕ್ಕೆ ಬಿಗಿ, ಎಡಗಡೇದು ಎಡಕ್ಕೆ ಬಿಗಿ. ಗೊತ್ತಲ್ಲ?"

"ಅದು ಗೊತ್ತಿಲ್ದೆ ಜೀಪ್ ಇಟ್ಕೊಂಡಿದ್ದೀನಾ?" ಎಂದ ಅಣ್ಣ.

ಹೊರಡುವ ದಿನ ಬೆಳಿಗ್ಗೆ ಅಣ್ಣ ಹೊಸ ಚಕ್ರಗಳನ್ನು ಹಾಕಿದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಡಗಡೆಯ ನಟ್ಟುಗಳನ್ನು ಎಡಕ್ಕೆ ತಿರುಗಿಸಿ, ಪಾನಾದ ಮೇಲೆ ಕಾಲಿಟ್ಟು ತುಳಿದು ಬಿಗಿಮಾಡಿದ. ಚಕ್ರ ಅಲುಗಾಡಿಸಿದ. ಬಂಡೆಯಂತೆ ನಿಂತಿತ್ತು. ನನ್ನ ಹೆದರಿಕೆಯೂ ಸ್ವಲ್ಪ ಇಳಿಯಿತು.

ಆಗ ಅಜ್ಜಿ ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಬಂದಳು.

"ಲೇ ಮೂರ್ತಿ, ಒಳಗೋಗಿ ತಿಂಡಿ ತಿನ್ನೋಗು. ಅಕ್ಕನ ಪೂಜೆ ಗಂಡಸರು ನೋಡಬಾರ್ದು."

"ಅಜ್ಜಿ, ನಿನ್ನ ಅಕ್ಕಂಗೆ ಹೇಳು, ಸೀಟ್ ಹೊಸದು, ಕುಂಕುಮ ಹಚ್ಚಬೇಡ ಅಂತ," ಎಂದು ನಗುತ್ತ ಅಣ್ಣ ಒಳಗೆ ಹೋದ. ನಮ್ಮ ಮನೆಯಲ್ಲಿ ಅದು ಹಿಂದಿನಿಂದ ಬಂದದ್ದು. ಜೀಪು ದೂರದ ದಾರಿ ಹಿಡಿಯುವ ಮುಂಚೆ ಹೆಂಗಸರು ಎಡ ಚಕ್ರಕ್ಕೆ ಪೂಜೆ ಮಾಡಬೇಕು, ಗಂಡಸರು ಒಳಗಿರಬೇಕು. ಕಥೆಯಲ್ಲಿ ಕೇಳಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

ಅಜ್ಜಿ ಚಕ್ರಕ್ಕೆ ಅರಿಶಿನ ಬಳಿದಳು, ಪ್ರತಿ ನಟ್ಟಿಗೂ ಕುಂಕುಮವಿಟ್ಟಳು. ಆಮೇಲೆ ನೆಲದಲ್ಲಿದ್ದ ಪಾನಾ ತೋರಿಸಿದಳು.

"ನನ್ನ ಕೈಲಿ ಈಗ ಆಗಲ್ಲ. ನೀನೇ ಮಾಡು. ಒಂದೊಂದಕ್ಕೂ ಹಾಕಿ, ಬಲಕ್ಕೆ ಒಂದು ಸುತ್ತು. ದೇವರಿಗೆ ಪ್ರದಕ್ಷಿಣೆ ಹಾಕೋ ಹಂಗೆ. ಕಾಲಲ್ಲಿ ಒತ್ತು, ನಾನೂ ಹಂಗೇ ಮಾಡ್ತಿದ್ದೆ."

ಪಾನಾ ಹಾಕಿ ಬಲಕ್ಕೆ ತುಳಿದೆ. ಕಿರ್ ಎಂದು ಒಂದು ಸದ್ದು. ಮರುಕ್ಷಣ ನಟ್ಟು ಕೈಗೆ ಹಗುರವಾಗಿ, ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ತಿರುಗಿತು.

ಭಾಯ್ ಹೇಳಿದ್ದ 'ಎಡಗಡೇದು ಎಡಕ್ಕೆ ಬಿಗಿ' ನೆನಪಾಗಿ ಪಾನಾ ಕೆಳಗಿಟ್ಟೆ.

"ಅಜ್ಜಿ, ತಾತ ಹೋದ ದಿನಾನೂ ಈ ಪೂಜೆ ಮಾಡಿದ್ಯಾ?"

"ಮಾಡದೆ ಇರ್ತೀನಾ?"

"ಚಿಕ್ಕಪ್ಪಂಗೆ ಏಟು ಬಿದ್ದಾಗ?"

"ಅವತ್ತಂತೂ ಎರಡೆರಡು ಸುತ್ತು ತಿರುಗಿಸಿ ಬೇಡ್ಕೊಂಡೆ ಕಣೇ. ಯಾಕೆ?"

"ಯಾರು ಹೇಳ್ಕೊಟ್ಟಿದ್ದು ಇದನ್ನ? ಬಲಕ್ಕೆ ತಿರುಗಿಸು ಅಂತ?"

ಅಜ್ಜಿ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಇನ್ಯಾರು? ಅಕ್ಕಾನೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕನಸಲ್ಲಿ ಬಂದ್ಲು. ಇದೇ ಚಕ್ರದ ಹತ್ರ ಕುಕ್ಕರಗಾಲಲ್ಲಿ ಕೂತಿದ್ಲು. ನನ್ನ ಕೈ ಹಿಡ್ದು ತಿರುಗಿಸಿ ತೋರಿಸಿದ್ಲು. ಹಿಂಗೆ ಮಾಡ್ತಾ ಇರು, ನಾನು ಸುಮ್ನಿರ್ತೀನಿ ಅಂದ್ಲು."

ಬಾಗಿಲಲ್ಲಿ ಅತ್ತಿಗೆ ಬ್ಯಾಗು ಹಿಡಿದು ನಿಂತಿದ್ದಳು. "ಆಯ್ತೇನೇ ಚಂದನ? ಬಿಸಿಲೇರುತ್ತೆ," ಎಂದಳು.

ಸದ್ದಿಲ್ಲದೆ ಬಿಗಿಮಾಡಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಾನಿಲ್ಲದ ಇನ್ನೊಂದು ಬೆಳಿಗ್ಗೆ ಅಜ್ಜಿ ತಟ್ಟೆ ಹಿಡಿದು ಬರುತ್ತಾಳೆ. ಅತ್ತಿಗೆಯ ಕೈಗೆ ಪಾನಾ ಕೊಡುತ್ತಾಳೆ.

"ಅಜ್ಜಿ, ಇಲ್ಲಿ ಕೈಯಿಡು," ಎಂದೆ. ಅವಳ ಬೆರಳನ್ನು ಆ ನಟ್ಟಿನ ಮೇಲಿಟ್ಟೆ. ಬರಿಗೈಯಲ್ಲೇ ಅದು ಅಲ್ಲಾಡಿತು. "ಈ ಕಡೇದು ಬಲಕ್ಕೆ ತಿರುಗಿಸಿದ್ರೆ ಬಿಚ್ಕೊಳ್ಳುತ್ತೆ. ಬಿಗಿ ಆಗಬೇಕಾದ್ರೆ ಎಡಕ್ಕೇ ತಿರುಗಿಸಬೇಕು."

ಅಜ್ಜಿ ನಟ್ಟನ್ನು ಬಲಕ್ಕೆ ತಿರುಗಿಸಿದಳು. ಎಡಕ್ಕೆ ತಿರುಗಿಸಿದಳು. ಮತ್ತೆ ಬಲಕ್ಕೆ. ಬೆರಳಿನ ಕುಂಕುಮ ಕಬ್ಬಿಣಕ್ಕೆ, ಕಬ್ಬಿಣದ ಮಸಿ ಬೆರಳಿಗೆ.

"ಹಂಗಾದ್ರೆ ಅವತ್ತು..." ಎಂದಳು. ನಟ್ಟಿನಿಂದ ಕೈ ತೆಗೆದು ಎದ್ದಳು.

ನಾನು ಪಾನಾ ಎತ್ತಿಕೊಂಡು ಎಡಕ್ಕೆ ತುಳಿದೆ. ಮೊದಲು ನಟ್ಟು ಬರಲೊಲ್ಲದು. ಪಾನಾದ ಆಚೆ ತುದಿಯನ್ನು ಯಾರೋ ಎರಡು ಕೈಯಲ್ಲಿ ಹಿಡಿದು ಬಲಕ್ಕೆ ಜಗ್ಗುವಂತಿತ್ತು. ಮೈಯ ಭಾರವನ್ನೆಲ್ಲ ಹಾಕಿ ನಿಂತೆ. ಕಡೆಗೆ ಕೂತಿತು. ಉಳಿದವನ್ನೂ ತುಳಿದು ನೋಡಿದೆ. ಬೆವರು ಕಣ್ಣಿಗಿಳಿಯುತ್ತಿತ್ತು.

ತಲೆಯೆತ್ತಿದರೆ ಅಜ್ಜಿ ಎಡಗಡೆಯ ಸೀಟಿನ ಪಕ್ಕ ನಿಂತಿದ್ದಳು. ಖಾಲಿ ಸೀಟನ್ನೇ ನೋಡುತ್ತ, ಅಕ್ಕನ ಭಾಷೆಯಲ್ಲಿ, ತೆಲುಗಿನಲ್ಲಿ, ಮೆತ್ತಗೆ ಹೇಳಿದಳು:

"ದಿಗು ಅಕ್ಕಾ."

ಇಳಿ ಎಂದು. ಏನೂ ಆಗಲಿಲ್ಲ. ಅತ್ತಿಗೆ ಅಂಗಳಕ್ಕೆ ಕಾಲಿಟ್ಟಿದ್ದಳು. ಅಜ್ಜಿ ಹಿಂದೆ ತಿರುಗದೆಯೇ ಕೈ ಅಡ್ಡ ಹಿಡಿದು ಅವಳನ್ನು ಅಲ್ಲೇ ನಿಲ್ಲಿಸಿದಳು.

"ಬಸುರಿ ಹುಡುಗಿ ಕೂರಬೇಕು. ದಿಗು. ನನ್ನ ಜೊತೆ ಬಾ. ಏನು ಕೇಳ್ಬೇಕೋ ನನ್ನನ್ನ ಕೇಳು."

ಜೀಪಿನ ಭಾರ ಹೊರುವ ಎಡಗಡೆಯ ಕಮಾನು ಪಟ್ಟಿ ಕಿರುಗುಟ್ಟಿತು. ಜೀಪಿನ ಆ ಪಕ್ಕ ನಿಧಾನವಾಗಿ, ಒಬ್ಬ ಆಳು ಇಳಿದರೆ ಏಳುವಷ್ಟೇ, ಮೇಲೆದ್ದಿತು. ಹೊಸ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳಿನಷ್ಟು ಬೆಳಕು ತೆರೆದುಕೊಂಡಿತು. ಅಷ್ಟು ದಿನವೂ ಜೀಪು ಎಡಕ್ಕೆ ವಾಲಿಯೇ ನಿಂತಿತ್ತೆಂದು ನಮಗೆ ತಿಳಿದದ್ದು ಆಗಲೇ.

ಅಜ್ಜಿ ಕೈಯನ್ನು ಸ್ವಲ್ಪ ದೂರ ಹಿಡಿದುಕೊಂಡು, ಕಣ್ಣು ಕಾಣದವರನ್ನು ನಡೆಸುವವಳಂತೆ, ಜಗಲಿಯ ಕಡೆ ನಡೆದಳು. ಮೆಟ್ಟಿಲ ಹತ್ತಿರ ಒಂದು ಗಳಿಗೆ ಕಾದಳು. ಆಮೇಲೆ ಹತ್ತಿದಳು.

"ಏನೇ ಇದು?" ಎಂದು ಅತ್ತಿಗೆ ನನ್ನ ತೋಳು ಹಿಡಿದಳು.

"ಏನಿಲ್ಲ ಅತ್ತಿಗೆ. ಈಗ ಕೂತ್ಕೋ. ಜಾಗ ಇದೆ."

ಅಣ್ಣ ಕೈ ತೊಳೆದುಕೊಂಡು ಬಂದು ಗಾಡಿ ತೆಗೆದ. ಅದು ಇಳಿಜಾರು ಇಳಿಯುವುದನ್ನು ನಾನು ಮಾವಿನ ತೋಪಿನ ಬೇಲಿಯವರೆಗೆ ಓಡಿಹೋಗಿ ನೋಡಿದೆ. ನಾಲ್ಕು ಚಕ್ರಗಳೂ ಜೊತೆಯಾಗಿ ತಿರುವು ದಾಟಿದವು. ಮಧ್ಯಾಹ್ನಕ್ಕೆ ಮುಳಬಾಗಿಲಿನಿಂದ ಫೋನು ಬಂತು. ಅತ್ತಿಗೆಯ ಹಿಂದೆ ಅವಳ ತವರಿನವರ ಗಲಾಟೆ, ನಗು.

ವಿಷಯ ಹೇಳೋಣವೆಂದು ಜಗಲಿಗೆ ಬಂದೆ. ಅಜ್ಜಿ ಕಂಬಕ್ಕೊರಗಿ ಕೂತಿದ್ದಳು. ಮುಂದೆ ಎರಡು ಲೋಟ ಕಾಫಿ. ತನ್ನದನ್ನು ಕುಡಿದು ಮುಗಿಸಿದ್ದಳು. ಇನ್ನೊಂದರ ಮೇಲೆ ಕೆನೆ ಕಟ್ಟಿತ್ತು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ಎಂದುಕಕ್ಕಾ?" ಎಂದು ಕೇಳುತ್ತಿದ್ದಳು ಅಜ್ಜಿ. ಯಾಕಕ್ಕಾ? ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿ, ಕಿವಿಯನ್ನು ಪಕ್ಕಕ್ಕೆ ವಾಲಿಸಿದಳು. ನಾನು ಹೊಸಿಲಿನಲ್ಲೇ ನಿಂತುಬಿಟ್ಟೆ. ಶೆಡ್ಡಿನ ತಗಡಿನ ಮೇಲೆ ಒಂದು ಕಾಗೆ ಓಡಾಡುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಆಮೇಲೆ ಅಜ್ಜಿಯ ಮುಖ ನಿಧಾನವಾಗಿ ಬದಲಾಯಿತು.

"ಔನಾ?" ಎಂದಳು. ಹೌದಾ ಎಂದು. "ಹಂಗಾದ್ರೆ ನೀನು ತಾನಾಗಿ ಬಿದ್ದಿದ್ದಲ್ವಾ?" ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.