ಬಾತುಕೋಳಿ ನೀರು ಕುಡಿದ ದೀಪ

ಗುಜರಿ ಅಬೂ ಸರೀಅನ ಅಂಗಳದಲ್ಲಿ ಬಾತುಕೋಳಿಗಳು ನೀರು ಕುಡಿಯುತ್ತಿದ್ದದ್ದು ತಲೆಕೆಳಗಾಗಿಟ್ಟ ಒಂದು ತೂಗುದೀಪದಲ್ಲಿ. ಅದು ಕಣ್ಣಿಗೆ ಬಿದ್ದದ್ದೇ ತಡ, ಮೋಟಾರಿಗೆ ತಾಮ್ರದ ತಂತಿ ಹುಡುಕಿಕೊಂಡು ಬಂದದ್ದೇ ನನಗೆ ಮರೆತುಹೋಯಿತು. ಹೊರಗೆ ಹಸಿರು, ಒಳಗೆ ಬಿಳಿ ಎನಾಮಲ್ ಬಳಿದ ಅಗಲವಾದ ಕಬ್ಬಿಣದ ಟೋಪಿ. ನಮ್ಮ ಮಹಲ್ಲಾ ಪಟ್ಟಣದ ಹಳೆಯ ನೂಲಿನ ಗಿರಣಿಯಲ್ಲಿ ಸಾಲುಸಾಲಾಗಿ ತೂಗುತ್ತಿದ್ದಂಥದ್ದು.

“ಇದನ್ನ ನಂಗೆ ಕೊಟ್ಬಿಡು ಮಾಮ.”

“ಬಾತುಗಳನ್ನ ಕೇಳು. ಅವುಗಳ ಆಸ್ತಿ ಅದು.”

ಅವುಗಳಿಗೊಂದು ಪ್ಲಾಸ್ಟಿಕ್ ಟಬ್ಬು ತಂದುಕೊಟ್ಟು ದೀಪ ಎತ್ತಿಕೊಂಡೆ. ಕೃತಜ್ಞತೆಯಿಲ್ಲದ ಪ್ರಾಣಿಗಳು, ಬೀದಿಯ ತಿರುವಿನವರೆಗೂ ಬೈಯುತ್ತ ಅಟ್ಟಿಸಿಕೊಂಡು ಬಂದವು.

ಬಾತುಗಳಿಗಿಂತ ದೊಡ್ಡ ತೊಡಕು ನನ್ನ ಭಾವೀ ಅತ್ತೆ ಇನ್ಶಿರಾಹ್. ಮದುವೆಯ ಮಾತಾದ ದಿನ, ನಮ್ಮ ಹೊಸ ಮನೆಗೆ ಸಾಮಾನೆಲ್ಲ ಹೆಣ್ಣಿನ ಕಡೆಯಿಂದ, ನಡುಮನೆಗೆ ಹರಳಿನ ಗೊಂಚಲು ದೀಪ ಗಂಡಿನ ಕಡೆಯಿಂದ ಎಂದು ಎಲ್ಲರೆದುರು ಒಪ್ಪಿಕೊಂಡಿದ್ದೆ. ಅತ್ತೆ ಅದನ್ನು ಬೀದಿಗೆಲ್ಲ ಸಾರಿದ್ದರು. “ಗೊಂಚಲು ಇಲ್ಲಾಂದ್ರೆ ಸಾಮಾನಿನ ಗಾಡಿ ಹಾಗೇ ವಾಪಸ್ಸು, ವಗ್ದಿ. ಹುಡುಗೀನೂ ವಾಪಸ್ಸು.”

ಹುಡುಗಿ ಇಬ್ತಿಹಾಲ್ ಮಾತ್ರ ದೀಪ ನೋಡಿ ಕುಣಿದಾಡಿದಳು. “ಇದೇ ಇರ್ಲಿ. ಗೊಂಚಲಿನ ಒಂದೊಂದು ಹರಳು ಒರೆಸೋರು ಯಾರು, ನೀನಾ?”

“ನಿಮ್ಮಮ್ಮಂಗೆ ಹೇಳೋರು ಯಾರು?”

“ನೀನೇ. ಗಂಡಸಲ್ವಾ?”

ಹೇಳಲಿಲ್ಲ. ಅತ್ತೆ ಗಿರಣಿಯಲ್ಲಿ ಹರಿದ ಎಳೆ ಜೋಡಿಸುತ್ತಲೇ ಕೂದಲು ನರೆಸಿಕೊಂಡವರು. ಹಳೆಯ ದೀಪ ಕಂಡರೆ ಖುಷಿಪಟ್ಟಾರು ಎಂದು ನನ್ನ ಲೆಕ್ಕಾಚಾರ.

ತುಕ್ಕು ಹಿಡಿದ ಕತ್ತಿನ ತಿರುಪಿಗೆ ಸೀಮೆಎಣ್ಣೆ ಕುಡಿಸಿ ಕಾದೆ. ಬಿಚ್ಚಿದರೆ ಒಳಗೆ ಗಟ್ಟಿಯಾಗಿ ಕೂತಿದ್ದ ಹತ್ತಿಯ ಜುಂಗು, ಎಣ್ಣೆಗೆ ಕಪ್ಪಾಗಿತ್ತು. ಟೋಪಿಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದೆ. ಅಂಚಿನಲ್ಲೊಂದು ತಗ್ಗಿತ್ತು, ಅದರ ತಂಟೆಗೆ ಹೋಗಲಿಲ್ಲ. ಸುತ್ತಿಗೆ ತಾಗಿದರೆ ಎನಾಮಲ್ ಹಪ್ಪಳದಂತೆ ಉದುರುತ್ತದೆ. ಹೊಸ ಹೋಲ್ಡರು, ಹೊಸ ವೈರು ಹಾಕಿ ನಡುಮನೆಯಲ್ಲಿ ತೂಗುಹಾಕಿ, ಮೇಲೊಂದು ಬಟ್ಟೆ ಹೊದಿಸಿದೆ. ಬಟ್ಟೆ ಹೊದಿಸಿದ್ದು ಅಲಂಕಾರಕ್ಕಲ್ಲ, ಹೆದರಿಕೆಗೆ.

ಸಾಮಾನಿನ ಮೆರವಣಿಗೆ ಬಂತು. ಫ್ರಿಜ್ಜು, ಹಾಸಿಗೆ, ಚಿನ್ನದ ಬಣ್ಣದ ಕುರ್ಚಿಗಳು, ಹಿಂದೆ ನಾಲಿಗೆ ಹೊರಳಿಸಿ ಮದುವೆಯ ಉಲಿ ಹಾಕುತ್ತ ಬೀದಿಯ ಹೆಂಗಸರೆಲ್ಲ. ಅತ್ತೆ ಎಲ್ಲರನ್ನೂ ನಡುಮನೆಗೆ ಕರೆತಂದು ಬಟ್ಟೆ ಎಳೆದರು.

ಉಲಿ ಅರ್ಧಕ್ಕೇ ನಿಂತಿತು.

“ಗೊಂಚಲು ಅಂದಿದ್ರಿ, ಬಾಣಲೆ ತೂಗಾಕಿದಾನಲ್ಲ!” ಎಂದಳು ಎದುರುಮನೆಯ ಸಬ್ರಿಯಾ.

ಅತ್ತೆ ಅವಳತ್ತ ನೋಡಲೂ ಇಲ್ಲ. “ಇದರ ಕೆಳಗೆ ನಿಂತೂ ನಿಂತೂ ನನ್ನ ಕಾಲು ಊದ್ಕೊಂಡ್ವು, ವಗ್ದಿ. ಅದನ್ನೇ ತಂದು ನನ್ನ ಮಗಳ ತಲೆ ಮೇಲೆ ಹಾಕಿದೀಯಾ?”

ಅವರ ಕಾಲಿನ ವಿಷಯ ನನ್ನ ಲೆಕ್ಕಾಚಾರದಲ್ಲಿ ಇರಲೇ ಇಲ್ಲ. ನಾಚಿಕೆಯಾಯಿತು. “ಈಗ್ಲೇ ಬಿಚ್ತೀನಿ ಅತ್ತೆ,” ಎಂದು ಏಣಿಗೆ ಕೈಹಾಕಿದೆ. ಇಬ್ತಿಹಾಲಳ ಕಣ್ಣು ತುಂಬಿತ್ತು.

“ಸ್ವಲ್ಪ ತಡಿ.”

ಅತ್ತೆ ತಾವೇ ಸ್ವಿಚ್ಚು ಒತ್ತಿದರು. ನೆಲದ ಮೇಲೆ ದುಂಡಗೆ ಬೆಳಕು ಬಿತ್ತು. ಅವರು ಅದರ ಅಂಚಿಗೆ ಬಂದು ನಿಂತರು.

“ಗಿರಣೀಲಿ ಒಂದು ಗಳಿಗೆ ಕೂತ್ರೂ ಮೇಸ್ತ್ರಿ ಬಂದು ಕಿರುಚ್ತಿದ್ದ,” ಎಂದರು. ಆಮೇಲೆ ಪ್ಲಾಸ್ಟಿಕ್ಕನ್ನೂ ತೆಗೆಯದ ಹೊಸ ಕುರ್ಚಿಯೊಂದನ್ನು ದರದರ ಎಳೆದು, ಸರಿಯಾಗಿ ಬೆಳಕಿನ ನಡುವೆ ಇಟ್ಟು, ಚಪ್ಪಲಿ ಕಳಚಿ, ಕಾಲು ಚಾಚಿ ಕೂತರು. “ಚಹಾ ತಗೊಂಡ್ಬಾ. ಸಕ್ಕರೆ ಜಾಸ್ತಿ ಇರ್ಲಿ. ಗೊಂಚಲು ಮಲಗೋ ಕೋಣೆಗೆ ತರುವಿಯಂತೆ.”

ತಂದುಕೊಟ್ಟೆ. ಬದುಕಿದೆ ಎಂದುಕೊಂಡು ಪಕ್ಕದ ಕುರ್ಚಿಗೆ ಒರಗಹೋದೆ.

“ನಿಂಗ್ಯಾರು ಕೂರೋಕೆ ಹೇಳಿದ್ದು? ಇಲ್ಲಿ ಮೇಸ್ತ್ರಿ ನಾನು!”

ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಉಲಿ ಹಾಕಿದವಳು ಸಬ್ರಿಯಾ. ನಾನು ನಿಂತೇ ಇದ್ದೆ. ಅತ್ತೆ ನಿಧಾನವಾಗಿ ಚಹಾ ಮುಗಿಸಿ, ಇನ್ನೊಂದು ಲೋಟ ಕೇಳಿದರು.