ನಿಲ್ಲದ ಕವಡೆ

"ಅಪ್ಪಾ, ಕಂಪ್ಯೂಟರ್‌ನ್ಯಾಗಿದ್ದ ಹಳೇ ಲಾಂಚರ್ ಎಲ್ಲಿ ಹೋತು?"

ಮಾಯಾಳ ದನಿ ಅಂಗಳಕ್ಕೂ ಕೇಳಿಸಿತು. ಅರ್ಜುನಪ್ಪ ಕುಂಕುಮದ ಬಟ್ಟಲು ಹಿಡಿದುಕೊಂಡೇ ಒಳಗೆ ಬಂದ. ಮಹಾನವಮಿಯ ಖಂಡೆ ಪೂಜೆಯ ಹುರುಪಿನಲ್ಲಿ ಮಿಕ್ಸರ್‌ನಿಂದ ಸ್ಕೂಟರ್‌ವರೆಗೆ ಒಂದನ್ನೂ ಬಿಡದೆ ಬೊಟ್ಟಿಟ್ಟು ಬಂದಿದ್ದ. ಮಗಳ ಕಂಪ್ಯೂಟರಿನ ನೆತ್ತಿಗೂ ಒಂದು ಚೆಂಡುಹೂವು ಏರಿತ್ತು.

"ನಿನ್ನಿ ಮನಿಯೆಲ್ಲಾ ಸ್ವಚ್ಛ ಮಾಡಿದ್ನೆಲ್ಲವಾ, ಹಂಗ ಇದನ್ನೂ ಮಾಡಿದ್ನಿ. ಒಂದ ನಮೂನಿವು ಎರಡು ಇದ್ವು. ಹಳೇದನ್ನ ತಗದ್ನಿ. ಒಂದು ಮನಿಗೆ ಎರಡು ಕಸಬರಗಿ ಯಾಕ ಬೇಕು?"

"ಮತ್ತ ನನ್ನ ಆಟ ತೆರದವ್ರು ಯಾರು?"

"ಪೂಜಿ ಆದಮ್ಯಾಲೆ ಎಲ್ಲಾನೂ ಒಮ್ಮೆ ಚಾಲೂ ಮಾಡಬೇಕಲ್ಲ? ಸ್ಕೂಟರ್ ಮಾಡಿದ್ನಿ, ಇದನ್ನೂ ಮಾಡಿದ್ನಿ. ಹೊಸಾ ವರ್ಶನ್ನಿಗೆ ಬದಲ್ ಮಾಡ್ಲೇನು ಅಂತ ಕೇಳ್ತು. ಹಬ್ಬದ ದಿನ ಕೇಳಿದ್ದಕ್ಕ ಒಲ್ಲೆ ಅನಬಾರದಂತ ಹೂಂ ಅಂದ್ನಿ."

ಕಚೇರಿಯಲ್ಲಿ ಯಾವ ಅರ್ಜಿಗೂ ಅಷ್ಟು ಸುಲಭಕ್ಕೆ ಹೂಂ ಅನ್ನದ ಮನುಷ್ಯ. ಮಾಯಾಳಿಗೆ ಅಳುವೂ ಬಂತು, ನಗುವೂ ಬಂತು. ಗೇಮ್ ಕಟ್ಟುವ ಸಾಮಾನುಗಳಿರುವ ಕೋಣೆಗೆ ಲಾಂಚರ್ ಬಾಗಿಲಿದ್ದಂತೆ. ಹಳೆಯ ಬಾಗಿಲು ಹೋದರೆ ಹಳೆಯ ಸಾಮಾನೂ ಹೋದಂತೆಯೇ. ಅವಳು ತಿಂಗಳುಗಟ್ಟಲೆ ಕೂತು ಕಟ್ಟಿದ ಚೌಕಾಬಾರಾ ಆಟ ಆ ಹಳೆಯದರಲ್ಲಿ ಮಾತ್ರ ಸರಿಯಾಗಿ ಆಡುತ್ತಿತ್ತು.

ಆಟ ಕಟ್ಟಿದ್ದು ಆಯಿಗಾಗಿ, ತನ್ನ ಅಜ್ಜಿಗಾಗಿ. ಸಾಲಿ ಮಾಸ್ತರಿಣಿಯಾಗಿದ್ದ ಸತ್ಯವ್ವನ ಬಲಗೈ ಲಕ್ವಾ ಹೊಡೆದ ಮೇಲೆ ಮುಷ್ಟಿ ಕಟ್ಟುತ್ತಿರಲಿಲ್ಲ. ಗಬ್ಬೂರಿನ ಆ ಓಣಿಯಲ್ಲಿ ಕವಡೆ ಹಿಡಿದರೆ ಅವಳನ್ನು ಸೋಲಿಸುವವರಿರಲಿಲ್ಲ. ಈಗ ಕವಡೆಯ ಸಂಚಿ ಗೂಟಕ್ಕೆ ಜೋತುಬಿದ್ದಿತ್ತು. ಎಡಗೈಯಲ್ಲಿ ಒಗೆಯಲು ಒಪ್ಪಳು, ತನ್ನ ಪರವಾಗಿ ಬೇರೆಯವರು ಒಗೆಯುವುದನ್ನಂತೂ ಸಹಿಸಳು. ಒಂದು ಬೆರಳು ಒತ್ತಿದರೆ ಕವಡೆ ಬೀಳುವಂತೆ ಮಾಡಿದರೆ ಆಯಿ ಮತ್ತೆ ಆಡಿಯಾಳು ಎಂಬುದು ಮಾಯಾಳ ಆಸೆ. ಹೋದ ವಾರ ತೋರಿಸಿದ್ದಳು. ಆಯಿ ಎರಡು ಸಲ ಒತ್ತಿ, "ಛಲೋ ಐತವಾ," ಎಂದು ಚಹಾ ಕೇಳಿದ್ದಳು. ಆ "ಛಲೋ" ಬರೀ ಮೊಮ್ಮಗಳ ಸಮಾಧಾನಕ್ಕೆಂದು ಮಾಯಾಳಿಗೆ ಗೊತ್ತಾಗಿತ್ತು. ಬಣ್ಣ ತಿದ್ದಿ, ಇವತ್ತು ಪಕ್ಕದ ಮನೆಯ ಉಡಚವ್ವ ಹೋಳಿಗೆಗೆ ಬಂದಾಗ ಇಬ್ಬರನ್ನೂ ಕೂರಿಸಬೇಕೆಂದಿದ್ದಳು. ಅಷ್ಟರಲ್ಲಿ ಅಪ್ಪನ ಸ್ವಚ್ಛತೆ.

ಪುಣ್ಯಕ್ಕೆ ಹಳೆಯ ಆಟದ ಪ್ರತಿ ಪೆನ್ ಡ್ರೈವಿನಲ್ಲಿತ್ತು. ಹಳೆಯ ಲಾಂಚರನ್ನು ಮತ್ತೆ ಇಳಿಸಿಕೊಳ್ಳಲು ಹಾಕಿದಳು. ಅದು ಬಸುರಿ ನಡೆದಂತೆ ನಡೆಯತೊಡಗಿತು. ಕಾಯುವ ಬೇಸರಕ್ಕೆ, ಹೊಸದರಲ್ಲಿ ಎಷ್ಟು ಕೆಟ್ಟಿದೆಯೋ ನೋಡೋಣವೆಂದು ಆಟ ತೆರೆದಳು.

ಕೆಟ್ಟೇ ಇತ್ತು. ಹಳೆಯದರಲ್ಲಿ ನಾಲ್ಕು ಕವಡೆ ಬಿದ್ದಲ್ಲೇ ತೆಪ್ಪಗಾಗುತ್ತಿದ್ದವು. ಇಲ್ಲಿ ಉರುಳಿ, ಒಂದಕ್ಕೊಂದು ತಾಗಿ, ಬೆನ್ನ ಮೇಲೆ ಓಲಾಡುತ್ತಿದ್ದವು. ಮಾಯಾ ಮತ್ತೊಮ್ಮೆ ಒತ್ತಿದಳು. ಇನ್ನೊಮ್ಮೆ. ಪ್ರತಿಸಲವೂ ಬೇರೆ ಓಲಾಟ. ಸಿಟ್ಟು ಎಲ್ಲಿ ಹೋಯಿತೋ, ಗೂಟದ ಸಂಚಿಯಿಂದ ಆಯಿಯ ಕವಡೆ ತೆಗೆದು ಮೇಜಿನ ಮೇಲೆ ಒಗೆದಳು. ಅವೂ ಹಾಗೆಯೇ ಓಲಾಡಿದವು. ಇಷ್ಟು ದಿನ ಇವನ್ನೊಮ್ಮೆ ಒಗೆದು ನೋಡಬೇಕೆಂದು ತನಗೇಕೆ ಹೊಳೆಯಲಿಲ್ಲ?

"ಯಾರದು ನನ್ನ ಕವಡಿ ಮುಟ್ಟಿದವ್ರು?" ಸದ್ದು ಕೇಳಿ ಸತ್ಯವ್ವ ಗೋಡೆ ಹಿಡಿದು ಬಂದಳು. ಹಿಂದೆಯೇ ಉಡಚವ್ವ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

"ಕೂಡ್ರು ಆಯಿ. ಒಮ್ಮೆ ಒತ್ತು."

"ನೋಡೀನೆಲ್ಲವಾ, ಛಲೋ ಐತಿ."

"ಒಮ್ಮೆ ಒತ್ತ ಅಕ್ಕಾ, ಹುಡುಗಿ ಕೇಳಾಕತ್ತೈತಿ," ಎಂದಳು ಉಡಚವ್ವ.

ಸತ್ಯವ್ವ ಬಲಗೈಯನ್ನು ಎಡಗೈಯಿಂದ ಎತ್ತಿ ಪರದೆಯ ಗುಂಡಿಯ ಮೇಲಿಟ್ಟಳು. ಕವಡೆಗಳು ಉರುಳಿದವು. ಮೂರು ಅಂಗಾತ ಬಿದ್ದವು. ನಾಲ್ಕನೆಯದು ಅಂಚಿನ ಮೇಲೆ ನಿಂತು ಅತ್ತಿತ್ತ ಓಲಾಡಿತು. ಸತ್ಯವ್ವ ಕುರ್ಚಿಯ ತುದಿಗೆ ಸರಿದಳು.

"ಬೀಳ, ಬೀಳ! ಅಂಗಾತ ಬೀಳ! ಚೌಕ ಆಕ್ಕೈತಿ!"

"ಬೋರಲ ಬೀಳ್ತೈತಿ ತಗೋ!" ಉಡಚವ್ವ ಛೇಡಿಸಿದಳು.

ಬೋರಲೇ ಬಿತ್ತು.

"ಥೂ, ಕಳ್ಳ ಕವಡಿ!" ಸತ್ಯವ್ವ ಬೈದಳು. ಬೈಗುಳದ ಬಾಲ ಹಿಡಿದೇ ನಗು ಬಂತು. ಉಡಚವ್ವ ಆಗಲೇ ಕುರ್ಚಿ ಎಳೆದುಕೊಂಡಿದ್ದಳು.

ಪರದೆಯ ಮೂಲೆಯಲ್ಲಿ ಸಂದೇಶ ಮೂಡಿತು: ಹಳೆಯ ಲಾಂಚರ್ ಸಿದ್ಧವಾಗಿದೆ, ತೆರೆಯಲೇ? ಹಬ್ಬದ ದಿನವಾದರೂ ಮಾಯಾ "ಬೇಡ" ಒತ್ತಿದಳು.

"ತಡಿಯ ಉಡಚೀ, ನಿನ್ನ ಸರತಿ ಬರ್ಲಿ," ಎನ್ನುತ್ತ ಸತ್ಯವ್ವ ಮುಂದಕ್ಕೆ ಬಾಗಿದಳು. ಕಟ್ಟದ ಮುಷ್ಟಿಯ ಬಲಗೈ ಪರದೆಯ ಗಾಜಿನ ಮೇಲೆ ಅಗಲವಾಗಿ ಹರಡಿ, ಅದರೊಳಗೆ ಬಿದ್ದ ಕವಡೆಗಳನ್ನು ನಿಜವಾದವೆಂಬಂತೆ ಮೆಲ್ಲಗೆ ಬಾಚಿಕೊಳ್ಳತೊಡಗಿತು.