ಅಮ್ಮನ ಕೆಂಪು ಬೀಗ

ಪ್ರಯೋಗಾಲಯದಲ್ಲಿ ಆ ಸುರಕ್ಷತಾ ಎಂಜಿನಿಯರನ್ನು ಎಲ್ಲರೂ ತಡಿಯಪ್ಪ ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಮೊದಲು ಬರುವ ಮಾತೇ ‘ತಡೀರಿ’. ಅಲ್ಲಿನ ದೊಡ್ಡ ಯಂತ್ರದೊಳಗೆ ಒಂದಿಷ್ಟು ಅನಿಲವನ್ನು ಸೂರ್ಯನಿಗಿಂತ ಹೆಚ್ಚು ಬಿಸಿಯಾಗುವಂತೆ ಕಾಯಿಸಿ, ಅಯಸ್ಕಾಂತದ ಬಲದಿಂದ ಗೋಡೆಗೆ ತಾಗದ ಹಾಗೆ ಹಿಡಿದಿಡುತ್ತಾರೆ. ಅದನ್ನು ಓಡಿಸುವುದಕ್ಕೆ ಬೇಕಾದಷ್ಟು ಜನರಿದ್ದರು. ಯಾರ ಜೀವಕ್ಕಾದರೂ ಅಪಾಯವಿದ್ದರೆ ಅದು ಓಡದಂತೆ ನೋಡಿಕೊಳ್ಳುವುದು ತಡಿಯಪ್ಪನವರ ಕೆಲಸ. ಹಾಗಾಗಿ ಅವರನ್ನು ಕಂಡರೆ ಅರ್ಧ ಜನಕ್ಕೆ ಆಗುತ್ತಿರಲಿಲ್ಲ.

ನನ್ನ ಅಮ್ಮ ಅಲ್ಲಿ ವಿದ್ಯುತ್ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಯಸ್ಕಾಂತಗಳಿಗೆ ಬೇಕಾದ ವಿದ್ಯುತ್ತನ್ನು ಕೂಡಿಡುವ ಬೂದು ಬೀರುಗಳು ಅಲ್ಲಿ ಸಾಲಾಗಿ ನಿಂತಿದ್ದವು. ಆ ಕೊಠಡಿಗೆ ಹೋಗುವವರೆಲ್ಲ ಬಾಗಿಲ ಹೊರಗಿನ ಮುಖ್ಯ ಸ್ವಿಚ್ಚಿಗೆ ತಂತಮ್ಮ ಬೀಗ ಹಾಕಬೇಕು, ಕೀಲಿ ತಮ್ಮ ಜೇಬಲ್ಲೇ ಇಟ್ಟುಕೊಳ್ಳಬೇಕು, ಹಾಕಿದ ಕೈಯೇ ತೆಗೆಯಬೇಕು ಎಂದು ನಿಯಮ ಮಾಡಿದವರು ತಡಿಯಪ್ಪ. ಒಳಗೆ ಯಾರೂ ಉಳಿದಿಲ್ಲ ಎಂದು ಖಾತ್ರಿಯಾಗಬೇಕಲ್ಲ, ಕೊನೆಯ ಬೀಗ ತೆಗೆಯುವ ತನಕ ಯಂತ್ರಕ್ಕೆ ವಿದ್ಯುತ್ ಇಲ್ಲ. ಮೊದಮೊದಲು ಎಲ್ಲರೂ ನಕ್ಕರಂತೆ. ಅಮ್ಮ ಒಬ್ಬಳು, “ಪಾಪ, ಹುಡುಗ ಇಷ್ಟು ಬೇಡ್ಕೋತಾ ಇದಾನೆ. ಒಂದು ಬೀಗ ಹಾಕಿದ್ರೆ ನಮ್ಮ ಗಂಟೇನು ಹೋಗತ್ತೆ?” ಎಂದು ಹಾಕಿದಳಂತೆ. ಅವತ್ತಿನಿಂದ ಅವಳು ಅವರಿಗೆ ಅಕ್ಕ.

ಒಂದು ಬೆಳಿಗ್ಗೆ ಅಮ್ಮ ಬೀಗ ಹಾಕಿ ಕೆಲಸ ಶುರು ಮಾಡಿದ್ದಳು. ನೀರು ಕುಡಿಯಲು ಹೊರಗೆ ಬಂದವಳು ಅಲ್ಲೇ ಕುಸಿದುಬಿದ್ದಳು. ಬಲಗೈ, ಬಲಗಾಲು ಸೋತವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಬಹುಮಟ್ಟಿಗೆ ಮರಳಿತು, ಕೈ ಮರಳಲಿಲ್ಲ. ಆ ಕೆಲಸ ಇನ್ನು ಆಗದು ಎಂದು ಡಾಕ್ಟರು ಹೇಳಿದರು. ಅಮ್ಮ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಜೊತೆಗೆ ಕೆಲಸ ಮಾಡುವವರು ನೋಡಲು ಬಂದರೆ, “ಮಲಗಿದಾರೆ ಅನ್ನು” ಎಂದು ನನಗೆ ಸನ್ನೆ ಮಾಡುತ್ತಿದ್ದಳು. ನಾನು ಮೊದಲೇ ಮಾತು ಕಡಿಮೆಯವಳು. ಬಾಗಿಲು ಅರ್ಧ ತೆರೆದು ತಲೆಯಾಡಿಸಿ ಕಳಿಸುತ್ತಿದ್ದೆ.

ಅಷ್ಟು ದಿನ ಯಂತ್ರ ರಿಪೇರಿಯಲ್ಲಿತ್ತು. ರಿಪೇರಿ ಮುಗಿದು ಎಲ್ಲರೂ ತಮ್ಮ ತಮ್ಮ ಬೀಗ ತೆಗೆದುಕೊಂಡರು. ಅಮ್ಮನದೊಂದು ಉಳಿಯಿತು. ಅದೇ ಮಧ್ಯಾಹ್ನ ತಡಿಯಪ್ಪ ಮನೆಗೆ ಬಂದರು. “ಮಲಗಿದಾರೆ” ಎಂದೆ. “ಏಳೋ ತನಕ ಕೂತಿರ್ತೀನಮ್ಮ” ಎಂದು ಬಾಗಿಲ ಬಳಿ ಚಪ್ಪಲಿ ಬಿಟ್ಟರು. ಅಮ್ಮನೇ ಒಳಗಿನಿಂದ, “ಬಾ ಪುಣ್ಯಾತ್ಮ, ನಿನ್ನ ಕಾಟಕ್ಕೆ ನಿದ್ದೆ ಎಲ್ಲಿ ಬರತ್ತೆ?” ಎಂದಳು. ನಾನು ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಯುವವಳಂತೆ ಬಟ್ಟೆ ಹಿಡಿದುಕೊಂಡು ಕೇಳಿಸಿಕೊಂಡೆ.

“ಅಕ್ಕ, ನಿಮ್ಮ ಬೀಗ ಒಂದು ತೆಗೆದ್ರೆ ಯಂತ್ರ ಓಡತ್ತೆ.”

ಅಮ್ಮ ಟವೆಲನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. “ಕತ್ತರಿಸಿ ಬಿಸಾಕು. ಅದಕ್ಕೂ ನೀನು ದಾರಿ ಬರೆದಿಟ್ಟಿದೀಯಲ್ಲ.”

“ಹಾಕಿದವರು ಎಲ್ಲಿದಾರೆ ಅಂತ ಗೊತ್ತಿಲ್ದೇ ಇದ್ರೆ, ಇಲ್ಲಾ ಅವರು ಬದುಕೇ ಇಲ್ದಿದ್ರೆ ಕತ್ತರಿಸಬಹುದು ಅಂತ ಬರೆದಿದೀನಿ. ನೀವು ಇಲ್ಲೇ ಕೂತು ನನ್ನ ಬೈತಾ ಇದೀರಿ.”

“ಸತ್ತೆ ಅಂತ ಅಂದ್ಕೋ.”

ತಡಿಯಪ್ಪನವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಪ್ರಯೋಗಾಲಯದ ನಿರ್ದೇಶಕಿ. “ಹೌದು ಮೇಡಂ... ಎಲ್ಲರೂ ಕಾಯ್ತಾ ಇರೋದು ಗೊತ್ತು ಮೇಡಂ... ಕತ್ತರಿಸೋದು ಸುಲಭ, ನಿಜ. ಆದ್ರೆ ಅವರು ನನ್ನೆದುರಿಗೇ ಇದಾರೆ.” ಫೋನು ಇಟ್ಟು ಎದ್ದರು. “ಈ ಮುಖ ಹೊತ್ಕೊಂಡು ಅವರೆಲ್ಲರ ಮುಂದೆ ನಾನು ಬರಲ್ಲ ಕಣೋ. ನನ್ನ ಬಿಟ್ಬಿಡು” ಎಂದಳು ಅಮ್ಮ. ಅವರು ನಿಧಾನವಾಗಿ ಮೆಟ್ಟಿಲಿಳಿದರು.

ಅಮ್ಮನ ನೀಲಿ ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಅದರ ಜೇಬಿನಿಂದ ಕೀಲಿ ತೆಗೆದುಕೊಂಡು ನಾನೂ ಇಳಿದೆ. ಇಷ್ಟು ಚಿಕ್ಕ ವಸ್ತುವಿಗೆ ಅಮ್ಮನನ್ನು ಯಾಕೆ ಇಷ್ಟು ನೋಯಿಸಬೇಕು ಅನ್ನಿಸಿತ್ತು. ತಡಿಯಪ್ಪ ಕಾರಿನ ಬಾಗಿಲು ತೆಗೆಯುತ್ತಿದ್ದರು.

“ಇದು... ತಗೊಳ್ಳಿ. ಅಮ್ಮನಿಗೆ ನಾನು ಹೇಳ್ಕೋತೀನಿ.”

ಕೆಂಡ ಕಂಡವರಂತೆ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಇವತ್ತು ಇದನ್ನ ತಗೊಂಡ್ರೆ, ನಾಳೆ ಇನ್ಯಾರ ಮಗಳೋ ಒಳ್ಳೇ ಮನಸ್ಸಿಂದ ಇನ್ನೊಂದು ಕೀಲಿ ತಂದ್ಕೊಡ್ತಾಳಮ್ಮ. ಅವತ್ತು ಅವಳಪ್ಪ ಒಳಗೇ ಇರ್ತಾನೆ.”

ನಾನು ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಅವರು ದನಿ ಇಳಿಸಿದರು. “ಅಕ್ಕ ಅಲ್ಲಿಂದ ಸ್ಟ್ರೆಚರ್ ಮೇಲೆ ಮಲಗಿ ಹೋದ್ರು. ಎಲ್ಲರೂ ಕೊನೇದಾಗಿ ನೋಡಿದ್ದು ಅದನ್ನೇ. ಅದೇ ಉಳ್ಕೋಬಾರ್ದು ಅಂತ ನನ್ನಾಸೆ. ನಿಯಮದಲ್ಲಿ ಅದೆಲ್ಲಾ ಬರೆಯೋಕಾಗಲ್ಲ.”

ಮೇಲಿನ ಕಿಟಕಿ ಕಿರ್ರೆಂದಿತು. ಅಮ್ಮ ಗೋಡೆ ಹಿಡಿದುಕೊಂಡು ಅಲ್ಲಿಯ ತನಕ ಬಂದಿದ್ದಳು. ಎಷ್ಟು ಕೇಳಿಸಿತ್ತೋ!

“ಏ ಕಳ್ಳಿ! ಕೀಲಿ ತಗೊಂಡು ಮೇಲೆ ಬಾ. ನನ್ನ ಕಾಲಿಗೆ ಶೂ ಹಾಕು.” ಆಮೇಲೆ ಅವರಿಗೆ, “ನೀನು ಅಲ್ಲೇ ನಿಂತಿರು. ಮೇಲೆ ಬಂದು ಹಿಡ್ಕೊಂಡೆಯೋ, ನೋಡು ಮತ್ತೆ!”

ಪ್ರಯೋಗಾಲಯದಲ್ಲಿ, ವಿದ್ಯುತ್ ಕೊಠಡಿಯ ಹೊರಗೆ ಹೊಸ ಬಣ್ಣದ ವಾಸನೆಯಿತ್ತು. ಅಮ್ಮನ ಕಾಲು ನೆಲಕ್ಕೆ ಉಜ್ಜುವ ಸದ್ದು ಮುಂದಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಅಮ್ಮ ಯಾರ ಮುಖವನ್ನೂ ನೋಡಲಿಲ್ಲ. ಮುಖ್ಯ ಸ್ವಿಚ್ಚಿನ ಬೀರುವಿನ ಮುಂದೆ ಎಳೆದಿದ್ದ ಹಳದಿ ಗೆರೆಯ ಬಳಿ ತಡಿಯಪ್ಪ ನನ್ನನ್ನು ನಿಲ್ಲಿಸಿದರು. ಅದರಾಚೆ ಅವಳೊಬ್ಬಳೇ ಹೋದಳು.

ಕೆಂಪು ಬೀಗದ ಮೇಲೆ ಅಮ್ಮನ ಫೋಟೋ ಅಂಟಿಸಿತ್ತು, ನೆಟ್ಟಗಿನ ಬಾಯಿಯದು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ ಎಡಗೈಯಿಂದ ಕೀಲಿ ತೂರಿಸಿದಳು. ತಿರುಗಿಸಿದರೆ ಬೀಗವೇ ಕೀಲಿಯ ಜೊತೆ ತಿರುಗಿತು. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು. ಮತ್ತೆ ತಿರುಗಿಸಿದಳು. ಕೀಲಿ ಜಾರಿ ಕೆಳಗೆ ಬಿತ್ತು.

“ಕೊಡಿ ಅಕ್ಕ, ನಾನು...” ಎಂದು ಯಾರೋ ಮುಂದೆ ಬಂದರು. ತಡಿಯಪ್ಪ ತೋಳು ಅಡ್ಡ ಚಾಚಿದರು. ಅವರ ಕಣ್ಣು ಒದ್ದೆಯಾಗಿತ್ತು, ತೋಳು ಮಾತ್ರ ಅಲ್ಲಾಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಸಿಟ್ಟೇ ಬಂತು.

ಅಮ್ಮ ಬೀರು ಹಿಡಿದು ಬಗ್ಗಿ ಕೀಲಿ ಹೆಕ್ಕಿಕೊಂಡಳು. ಸೋತ ಬಲತೋಳನ್ನು ಎಡಗೈಯಿಂದಲೇ ಎತ್ತಿ ಬೀಗದ ಮೇಲಿಟ್ಟು, ಅದರ ಮೇಲೆ ಎದೆ ಊರಿ, ಬೀಗವನ್ನು ಬೀರುವಿಗೆ ಒತ್ತಿ ಹಿಡಿದಳು. ಕಟಕ್ಕೆಂದಿತು.

ಬೀಗ ತೆಗೆದವರು ಬಾಯಿಬಿಟ್ಟು ಹೇಳಬೇಕಾದ ಮಾತೊಂದಿತ್ತು. ಅಮ್ಮ ನಮ್ಮ ಕಡೆ ತಿರುಗಿದಳು. ಮೊದಲ ಸಲ ನಾಲಗೆ ತೊಡರಿತು. ಉಗುಳು ನುಂಗಿ, ಎಲ್ಲರ ಮುಖವನ್ನೂ ನೋಡುತ್ತಾ ಹೇಳಿದಳು: “ನನ್ನ ಬೀಗ ತೆಗೆದಿದೀನಿ. ನಾನು ಹೊರಗಿದೀನಿ.”

“ಕೇಳಿಸ್ತು ಅಕ್ಕ” ಎಂದರು ತಡಿಯಪ್ಪ.

ನಿರ್ದೇಶಕಿ ತಾವೇ ಬಂದು, ಕಾರಿನಲ್ಲಿ ಮನೆಗೆ ಬಿಡಿಸುವುದಾಗಿ ಹೇಳಿದರು. “ಮನೆ ಎಲ್ಲೂ ಓಡಿಹೋಗಲ್ಲ” ಎಂದಳು ಅಮ್ಮ. “ನಿಮ್ಮ ಯಂತ್ರ ಓಡೋವಾಗ ನಾನು ಯಾವಾಗಲೂ ಗೋಡೆಯ ಈ ಕಡೆಗೇ ಇರ್ತಿದ್ದೆ. ಒಂದು ಸಲ ತೋರಿಸಿ.”

ನಿಯಂತ್ರಣ ಕೊಠಡಿಯಲ್ಲಿ ಅವಳನ್ನು ಪರದೆಯ ಎದುರು ಕೂರಿಸಿದರು. ಯಾರೋ ಹಿಂದಿನಿಂದ ಅವಳ ಭುಜ ಒತ್ತಿದರು, ಇನ್ಯಾರೋ ಚಹಾ ತಂದಿಟ್ಟರು. ಅಮ್ಮ ಎಡಗೈಯಲ್ಲಿ ಕುಡಿದಳು, ಸ್ವಲ್ಪ ಚೆಲ್ಲಿತು, ಯಾರೂ ಲಕ್ಷ್ಯ ಕೊಡಲಿಲ್ಲ. ನೆಲ ಸಣ್ಣಗೆ ನಡುಗಿತು. ಪರದೆಯಲ್ಲಿ ನೇರಳೆ ಬೆಳಕೊಂದು ತುಂಬಿಕೊಂಡು, ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇಲ್ಲವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಆಯ್ತಾ?” ಎಂದಳು ಅಮ್ಮ.

“ಆಯ್ತು ಅಕ್ಕ” ಎಂದರು ತಡಿಯಪ್ಪ.

“ಇಷ್ಟಕ್ಕೇನಾ ನಾವು ಇಷ್ಟು ವರ್ಷ ಒದ್ದಾಡಿದ್ದು?”

ಕೊಠಡಿಯೆಲ್ಲ ನಕ್ಕಿತು, ನಿರ್ದೇಶಕಿಯೂ ಸೇರಿ. ಎಲ್ಲರಿಗಿಂತ ಜೋರಾಗಿ ಅಮ್ಮ ನಕ್ಕಳು.

“ಇನ್ನೊಂದು ಸಲ ಓಡಿಸು. ನಾನು ಕಣ್ಣು ಮಿಟುಕಿಸಿಬಿಟ್ಟೆ.”

“ಅಯಸ್ಕಾಂತ ತಣ್ಣಗಾಗಬೇಕು ಅಕ್ಕ. ತುಂಬಾ ಹೊತ್ತಾಗತ್ತೆ.”

“ಆಗ್ಲಿ ಬಿಡು, ನನಗೀಗ ಏನು ಅವಸರ?” ಎಂದಳು ಅಮ್ಮ. ಪಕ್ಕದ ಕುರ್ಚಿಯನ್ನು ಎಡಗಾಲಿನಿಂದ ನನ್ನ ಕಡೆಗೆ ತಳ್ಳಿ, “ಕೂತ್ಕೋ, ಎಷ್ಟೊತ್ತು ನಿಂತಿರ್ತೀಯ” ಎಂದಳು.